ಚಿಕ್ಕಮ್ಮ ಸೋತ ಫೈನಲ್

ನಮ್ಮಲ್ಲಿ ಉತ್ತರಕ್ರಿಯೆಯ ದಿನ, ಅಂದರೆ ಬೊಜ್ಜದ ದಿನ, ಊಟಕ್ಕೆ ಮೊದಲು ಒಬ್ಬರು ಎದ್ದು ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಆಡಬೇಕು. ನುಡಿನಮನ ಅನ್ನುತ್ತೇವೆ. ಬೆಳ್ಮಣ್‌ನಿಂದ ಬಜಗೋಳಿಯವರೆಗೆ ಎಷ್ಟೋ ಕಡೆ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಹಿರಿಯರ ಬಾಯಿಂದ ಕಲಿತ ಮಾತು ನನ್ನದು. ಜಿಪುಣರನ್ನು ಮಿತವ್ಯಯಿ ಎಂದೂ ಜಗಳಗಂಟರನ್ನು ನೇರ ನುಡಿಯವರು ಎಂದೂ ಹೇಳಿ ನಾಲಿಗೆ ಪಳಗಿದೆ.

ಕಳೆದ ತಿಂಗಳು ನನ್ನ ಚಿಕ್ಕಮ್ಮ ತೀರಿಕೊಂಡರು.

ಅಮ್ಮನ ತಂಗಿ. ಐವತ್ತರ ದಶಕದಲ್ಲಿ, ಅಜ್ಜನಿಗೆ ಮದ್ರಾಸಿನಲ್ಲಿ ಕೆಲಸವಿದ್ದಾಗ, ಅಲ್ಲಿ ಕಾಲೇಜು ಓದುತ್ತ ಟೆನಿಸ್ ಆಡಿದವರು. ನಾಲ್ಕು ವರ್ಷ ಊರೂರಿನ ಟೂರ್ನಿಗೆ ಹೋದರು; ರೈಲಿನಲ್ಲಿ ಜೊತೆಗೆ ಅಜ್ಜಿ, ಒಂದು ಬುತ್ತಿ. ದೊಡ್ಡದೊಂದು ಟೂರ್ನಿಯ ಫೈನಲ್‌ವರೆಗೂ ಬಂದರು. ಮರುವರ್ಷ ಕಾಪುವಿಗೆ ಮದುವೆ. ಅಲ್ಲಿ ಕೋರ್ಟ್ ಇರಲಿಲ್ಲ. ಸ್ವಲ್ಪ ದಿನ ಹಿತ್ತಿಲಿನ ಕೆಂಪುಕಲ್ಲಿನ ಗೋಡೆಗೆ ಚೆಂಡು ಹೊಡೆದರಂತೆ. ಅತ್ತೆಯ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಅದೂ ನಿಂತಿತು.

ಅವರ ಕಪಾಟಿನಲ್ಲಿದ್ದ ಕಪ್ ನೋಡಿ, ಆ ಫೈನಲ್ ಗೆದ್ದರೆಂದು ಚಿಕ್ಕಂದಿನಲ್ಲಿ ನಾನೇ ತೀರ್ಮಾನಿಸಿದೆ. ಕಾರ್ಕಳದ ಮದುವೆಗಳಲ್ಲಿ ಅವರೆದುರೇ ಹಾಗೆ ಹೇಳಿದೆ. ಅವರು ವೀಳ್ಯದೆಲೆ ಮಡಚುತ್ತ ಕೂತಿರುತ್ತಿದ್ದರು.

ಮಣಿಪಾಲದ ಆಸ್ಪತ್ರೆಯಲ್ಲಿ, ಕೊನೆಯ ವಾರ, ಅವರೇ ಮಾತು ತೆಗೆದರು.

"ನನ್ನ ಬೊಜ್ಜಕ್ಕೆ ನೀನೇ ಅಲ್ವಾ ಮಾತಾಡುವುದು?"

"ಎಂತ ಮಾತು ಚಿಕ್ಕಮ್ಮ. ನಿಮಗೆ ಎಂತ ಆಗಿದೆ ಈಗ?"

"ಸುಮ್ಮನಿರು ಮಾರಾಯ. ಊರಲ್ಲಿ ಸತ್ತವರನ್ನೆಲ್ಲ ದೇವರು ಮಾಡಿದವನು, ನನ್ನನ್ನು ಬಿಡ್ತೀಯಾ?" ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಆ ಫೈನಲ್ ನಾನು ಸೋತದ್ದು. ಆ ಕಪ್ ಎರಡನೇ ಬಂದವಳಿಗೆ ಅಂತ ಕೊಟ್ಟದ್ದು. ಮೂರನೇ ಸೆಟ್ ಹತ್ತು-ಎಂಟು."

"ಈಗ ಯಾರಿಗೆ ಬೇಕು ಅದು?"

"ನನಗೆ. ಆ ದಿನ ಆಡಿದ ಹಾಗೆ ನಾನು ಮತ್ತೆ ಯಾವತ್ತೂ ಆಡಲಿಲ್ಲ. ನೀನು ಹೇಳುವ ಫೈನಲ್ ಬೇರೆ ಯಾರೋ ಆಡಿದ್ದು. ಸೋತದ್ದು ಅಂತಲೇ ಹೇಳು. ಹೇಳ್ತೀಯಲ್ಲ?"

ಹೇಳುತ್ತೇನೆ ಎಂದೆ.

ಉತ್ತರಕ್ರಿಯೆ ಬನ್ನಂಜೆಯ ಒಂದು ಹಾಲ್‌ನಲ್ಲಿ ನಡೆಯಿತು. ಫೋಟೋಕ್ಕೆ ಹಾರ ಹಾಕಿದ್ದರು. ನನಗೆ ಅಳು ಬರಲಿಲ್ಲ. ದುಃಖವಾಯಿತೆಂದೂ ಹೇಳಲಾರೆ. ಮೈಯಡಿ ಸಿಕ್ಕಿ ಜೋಮು ಹಿಡಿದ ಕೈ ಇರುತ್ತದಲ್ಲ, ಒಳಗೆಲ್ಲ ಹಾಗಿತ್ತು. ಮೈಕ್ ಹಿಡಿದೆ. ಮಾತು ತನ್ನಷ್ಟಕ್ಕೆ ಹೊರಟಿತು. ಮದ್ರಾಸು, ರೈಲು, ಅಜ್ಜಿ. "ಫೈನಲ್‌ನಲ್ಲಿ ಗೆದ್ದು ಊರಿಗೆ ಕೀರ್ತಿ ತಂದ ತಾಯಿ" ಎಂದು ಸ್ಪೀಕರಿನಲ್ಲಿ ನನ್ನದೇ ಧ್ವನಿ ಕೇಳಿಸಿತು. ತಿದ್ದಬೇಕು ಅನ್ನುವಷ್ಟರಲ್ಲಿ ಮುಂದಿನ ವಾಕ್ಯವೂ ಬಾಯಿಂದ ಬಂತು: ಎಲ್ಲರೂ ಎದ್ದು ಒಂದು ನಿಮಿಷ ಮೌನ ಪ್ರಾರ್ಥನೆ ಮಾಡೋಣ. ಕುರ್ಚಿಗಳು ಸರಿದವು. ಎಲ್ಲರೂ ತಲೆ ತಗ್ಗಿಸಿದ್ದರು. ಆ ಮೌನದಲ್ಲಿ ಮಾತಾಡುವ ಪದ್ಧತಿ ಇಲ್ಲ.

ಚಿಕ್ಕಮ್ಮನ ಮಗಳು ಹತ್ತಿರ ಬಂದಳು. "ಚಂದ ಆಯ್ತು ಅಣ್ಣ. ಅಮ್ಮ ಕೇಳಿದ್ದರೆ ಖುಷಿಪಡ್ತಿದ್ದರು."

"ಅವರು ಸೋತದ್ದು," ಎಂದೆ. "ಹತ್ತು-ಎಂಟು."

ಅವಳು ನನ್ನ ಮುಖ ನೋಡಿದಳು. "ಬೆಳಗ್ಗಿನಿಂದ ಎಂತದೂ ತಿಂದಿಲ್ಲ ನೀನು. ಎಲೆ ಹಾಕಿ ಆಗಿದೆ, ಹೋಗಿ ಕೂತುಕೋ."

ಹೋಗಿ ಕೂತೆ. ಪಕ್ಕದ ಎಲೆಯಲ್ಲಿ ಪರಿಚಯವಿಲ್ಲದ ಹಿರಿಯರೊಬ್ಬರಿದ್ದರು. ಅವರಿಗೂ ಹೇಳಿದೆ.

"ಹೌದಾ? ಈಗ ಗೆದ್ದರು ಅಂದಿರಲ್ಲ ಮೈಕಿನಲ್ಲಿ?"

"ತಪ್ಪಿ ಹೇಳಿದ್ದು."

ಅವರು ತಲೆಯಾಡಿಸಿ ಉಪ್ಪಿನಕಾಯಿಯನ್ನು ಎಲೆಯ ಬದಿಗೆ ಸರಿಸಿದರು. ಅನ್ನ ಬಂತು.