ಗಿಟಾರಿಗೊಂದು ಎಣ್ಣೆಸ್ನಾನ

"ಎಣ್ಣೆ ಹಚ್ಚಿದ್ರೆ ರೀಸೇಲ್ ವ್ಯಾಲ್ಯೂ ಹೋಗುತ್ತೆ ಮೇಡಂ! ಲ್ಯಾಕರ್ ಹೊಡೆಸಿ."

ಇಂದಿರಾನಗರದ ಗಿಟಾರ್ ಅಂಗಡಿಯವನು ಹೀಗೆಂದಾಗ ಮೈ ಉರಿಯಿತು. ನಾನು ಕೇಳಿದ್ದು ಎಣ್ಣೆ ಹಚ್ಚಿಕೊಳ್ಳಲು ಪಾಲಿಶ್ ಇಲ್ಲದ ಮೇಪಲ್ ಮರದ ಒಂದು ನೆಕ್ (ಅದೇ, ಗಿಟಾರಿನ ಉದ್ದನೆಯ ಕತ್ತು). ಕೊಳ್ಳುವ ಮೊದಲೇ ಮಾರುವ ಮಾತು ಯಾಕೆ?

ಹಿನ್ನೆಲೆ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಕೆ.ಆರ್. ಪುರದ ಸೇತುವೆ ಇಳಿಯುವಾಗ ನನ್ನ ಸ್ಕೂಟರ್ ಜಾರಿತು. ಎಡಗೈ ಮುರಿಯಿತು. ಮೂಳೆಯೇನೋ ಕೂಡಿತು, ಹೆಬ್ಬೆರಳು ಮಾತ್ರ ಸೊಟ್ಟಗೇ ಉಳಿಯಿತು. ಗಿಟಾರ್ ಹಿಡಿದರೆ ನೆಕ್‌ನ ಹಿಂಬದಿಯ ಹೊಳೆಯುವ ಲ್ಯಾಕರ್ ಪಾಲಿಶ್‌ಗೆ ಬೆವರಿದ ಹೆಬ್ಬೆರಳು ಅಂಟಿಕೊಳ್ಳುತ್ತಿತ್ತು. ಕೈ ಜರುಗದಿದ್ದರೆ ನುಡಿಸುವುದಾದರೂ ಹೇಗೆ?

ಪ್ರತಿ ಭಾನುವಾರ ಲಿಂಗರಾಜಪುರದ ನಮ್ಮ ಟೆರೇಸಿನಲ್ಲಿ ಗೆಳತಿಯರ ಸಂಗೀತ ನಡೆಯುತ್ತದೆ. ಡ್ರಮ್ಸ್ ಬಾರಿಸುವ ಸೆಲ್ವಿ ಮೆಲ್ಲಗೆ ಹೇಳಿಯೇಬಿಟ್ಟಳು, "ಗಿಟಾರ್ ಬಿಟ್ಬಿಡು ಡೀ, ಕೋರಸ್ ಹಾಡು. ಯಾರೂ ಏನೂ ಅಂದ್ಕೊಳಲ್ಲ."

ನಾನು ಅಂದುಕೊಳ್ಳುತ್ತೇನಲ್ಲ! ಕಾಲೇಜಿನಿಂದ ಗಿಟಾರ್ ಹಿಡಿದ ಕೈ ಇದು. ಅದಿಲ್ಲದೆ ನಾನು ನಾನಲ್ಲ.

ಎಣ್ಣೆ ಕುಡಿದ ಮರದ ಮೇಲೆ ಬೆರಳು ಸರಾಗವಾಗಿ ಜಾರುತ್ತದೆ ಎಂದು ಓದಿದ್ದೆ. ಪಟ್ಟು ಹಿಡಿದು ಅದೇ ನೆಕ್ ತಂದೆ. ನಯವಾದ ಮರಳುಕಾಗದದಿಂದ ತಿಕ್ಕಿ, ಮರಕ್ಕೆಂದೇ ಮಾರುವ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಸವರಿದೆ. ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ಒರೆಸಿದೆ. ಒರೆಸುವುದೇ ಇದರ ಗುಟ್ಟು. ಮರ ಕುಡಿದಷ್ಟು ಕುಡಿಯಲಿ, ಮೇಲೆ ಉಳಿದದ್ದೆಲ್ಲ ಅಂಟು. (ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳಬಹುದು. ನಾನು ಟೆರೇಸಿನಲ್ಲಿ ಹರವಿದೆ.) ನೆಕ್ಕನ್ನು ಕಿಟಕಿಯ ಬಳಿ ನೇತುಹಾಕಿ ಹಲಸೂರಿಗೆ ಕೆಲಸಕ್ಕೆ ಹೋದೆ.

ನಮ್ಮಮ್ಮನಿಗೆ ಎಣ್ಣೆ ಎಂದರೆ ಎಣ್ಣೆಸ್ನಾನ. ತಲೆಗೆ ಒತ್ತಬೇಕು, ಸೊಂಟಕ್ಕೆ ತಿಕ್ಕಬೇಕು, ನೆನೆಯಲು ಬಿಡಬೇಕು. ಒರೆಸಿ ತೆಗೆಯುವ ಎಣ್ಣೆ ಅವಳ ಪ್ರಕಾರ ದಂಡ. ನಾನಿಲ್ಲದಾಗ ಅದೇ ಬಾಟಲಿಯಿಂದ ಧಾರಾಳವಾಗಿ ಸುರಿದು, ನೀವಿ, ನೆಕ್ಕನ್ನು ಬಿಸಿಲಿಗೆ ಮಲಗಿಸಿದ್ದಳು. ಸಂಜೆ ಬಂದು ಮುಟ್ಟಿದರೆ ಹಲಸಿನ ಮೇಣ!

"ಪಾಪ, ಮರ ಒಣಗ್ಹೋಗಿತ್ತು ಕಣೇ. ಚೆನ್ನಾಗ್ ನೆನೀಲಿ ಅಂತ ಹಚ್ದೆ. ನಿನ್ ಕೈಗೂ ಹಂಗೇ ತಾನೆ ಹಚ್ಚಿದ್ದು?"

ಬೈಯುವುದಾದರೂ ಹೇಗೆ? ಪ್ಲಾಸ್ಟರ್ ಬಿಚ್ಚಿದ ಮೇಲೆ ದಿನವೂ ನನ್ನ ಕೈ ನೀವಿದವಳು ಅವಳೇ. ಆದರೂ ಅಳು ಬಂತು. ಗಂಡ ತನ್ನ ಸಲಹೆ ಕೊಟ್ಟ, "ಅಂಗಡಿಗೇ ಕೊಟ್ಬಿಡು, ನೀಟಾಗಿ ಲ್ಯಾಕರ್ ಹೊಡೆದ್ಕೊಡ್ತಾರೆ."

ಯಾಕೆ ಕೊಡಬೇಕು?

ಅಂಟಿನ ಮೇಲೆ ಹೊಸ ಎಣ್ಣೆ ಹಾಕಿ ಉಜ್ಜಿದರೆ ಹಳೆಯದು ಸಡಿಲವಾಗುತ್ತದೆ. ಉಜ್ಜಿದೆ. ಒರೆಸುವ ಕೆಲಸ ಅಮ್ಮನಿಗೇ ಕೊಟ್ಟೆ (ಗೊಣಗುತ್ತಲೇ ಮಾಡಿದಳು). ಚೆನ್ನಾಗಿ ಒಣಗಿದ ಮೇಲೆ ಗಿಟಾರಿನ ಹಳೆಯ ನೆಕ್ ಬಿಚ್ಚಿ ಇದನ್ನು ಕೂಡಿಸಿ, ತಂತಿ ಬಿಗಿದು ಹಿಡಿದೆ. ಹೆಬ್ಬೆರಳು ಜಾರಿತು! ಮೊದಲಿನಷ್ಟು ಬೇಗ ಅಲ್ಲ, ಆದರೆ ಜಾರಿತು. ಆ ಭಾನುವಾರ ಸೆಲ್ವಿ ಕೋರಸ್ಸಿನ ಮಾತೇ ಎತ್ತಲಿಲ್ಲ.

ಮುಂದೆ ಮಾರುವ ಚಿಂತೆ ಅಂಗಡಿಯವನೊಬ್ಬನದೇ ಅಲ್ಲ ಬಿಡಿ. ನಾವು ಸೋಫಾದ ಪ್ಲಾಸ್ಟಿಕ್ ತೆಗೆಯುವುದಿಲ್ಲ. ರಿಮೋಟಿಗೆ ಕವರ್ ಹಾಕುತ್ತೇವೆ. ಕಾರಿನ ಸೀಟ್ ಕವರಿನ ಮೇಲೆ ಮತ್ತೊಂದು ಟವೆಲ್. ಮುಂದೆ ಕೊಳ್ಳುವ ಯಾವನೋ ಪುಣ್ಯಾತ್ಮನಿಗೆ ಎಲ್ಲವೂ ಹೊಸದಾಗಿರಬೇಕು. ನಮ್ಮ ಪಾಲಿಗೆ ಏನು, ಬರೀ ಪ್ಲಾಸ್ಟಿಕ್ಕೇ?

ಮೊನ್ನೆ ತಂತಿ ಕೊಳ್ಳಲು ಗಿಟಾರ್ ಸಮೇತ ಅದೇ ಅಂಗಡಿಗೆ ಹೋಗಿದ್ದೆ. ಹೆಬ್ಬೆರಳು ಓಡಾಡುವ ಜಾಗ ಆಗಲೇ ಕಪ್ಪಾಗತೊಡಗಿತ್ತು. ಅವನು ಮುಖ ಸಿಂಡರಿಸಿದ. "ನಾನ್ ಹೇಳಿರ್ಲಿಲ್ವಾ ಮೇಡಂ? ಇನ್ ಇದನ್ನ ಯಾರ್ ತಗೋತಾರೆ?"

ನಾನು ಸೊಟ್ಟ ಹೆಬ್ಬೆರಳಿನ ಎಡಗೈಯನ್ನು ಅವನ ಮುಖದ ಮುಂದೆ ಹಿಡಿದು ಕೇಳಿದೆ, "ಇದನ್ನ ಯಾರ್ ತಗೋತಾರೆ?"