ಹದಿನಾರು ತಂತಿಗಳ ಪರೀಕ್ಷೆ

ಬೆಳಗಿನ ಜಾವ ನಾಲ್ಕು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತದೆ, ಆರಕ್ಕೆ ನಿಂತುಹೋಗುತ್ತದೆ. ಅಷ್ಟರೊಳಗೆ ಎರಡು ಡ್ರಮ್ಮು, ಆರು ಬಕೆಟ್ಟು ತುಂಬಬೇಕು. ಅಂಗಳ ಗುಡಿಸಬೇಕು, ಅದೂ ಬಗ್ಗಿಯೇ, ಪೊರಕೆಯ ಗೆರೆಗಳು ಸಾಲುಸಾಲಾಗಿ ಕಾಣುವ ಹಾಗೆ. ಕಾಣದಿದ್ದರೆ ಸೊಸೆಗೆ ಮೈ ಹುಷಾರಿಲ್ಲವೇ ಎಂದು ಎದುರುಮನೆಯವರು ವಿಚಾರಿಸುತ್ತಾರೆ. ಇದ್ದಿಲ ಒಲೆ ಹೊರಗಿಟ್ಟು ಬೀಸಿ ಕೆಂಡ ಮಾಡಬೇಕು. ಗಂಡನ ಸ್ನಾನಕ್ಕೆ ನೀರು ಕಾಯಿಸಬೇಕು. ಕರೆಂಟು ಹೋಗುವ ಮೊದಲು ಮಗಳು ಮ್ವಿಲಾಳ ಶಾಲೆಯ ಬಟ್ಟೆಗೆ ಇಸ್ತ್ರಿ. ಆಮೇಲೆ ಎರಡು ಪಾತ್ರೆಯ ಅಡಿಗೆ: ಎಲ್ಲರಿಗೂ ಒಣ ಕಪೆಂಟಾ ಮೀನಿನ ಸಾರು, ರಕ್ತದೊತ್ತಡದ ಅತ್ತೆಗೆ ಉಪ್ಪಿಲ್ಲದ ಕುಂಬಳದೆಲೆ.

ಇಷ್ಟನ್ನು ಮುಗಿಸಿ ಕಸೊಂಡೆ ತಾಮ್ರ ಕರಗಿಸುವ ಕಾರ್ಖಾನೆಗೆ ಹೋಗುತ್ತಾಳೆ. ಅಲ್ಲಿ ಅವಳು ಅಳತೆ ಉಪಕರಣಗಳ ಇಂಜಿನಿಯರು. ವಿಭಾಗದ ಮೊದಲ ಹೆಂಗಸು. ಇನ್ನೂ ಕಾಯಂ ಆಗಿಲ್ಲ. ಶುಕ್ರವಾರ ಅದರ ಸಭೆ.

ಅವತ್ತು ಬುಧವಾರ. ಅತ್ತೆ ಕುಂಬಳದೆಲೆಯ ಮೊದಲ ತುತ್ತನ್ನು ಬಾಯಲ್ಲೇ ತಡೆದರು.

"ಉಪ್ಪು ಹಾಕಿದೀಯ. ನನ್ನನ್ನ ಬೇಗ ಕಳಿಸ್ಬೇಕು ಅಂತಿದ್ರೆ ಬಾಯಿಬಿಟ್ಟು ಹೇಳು ತಾಯಿ, ಗಂಟು ಕಟ್ಕೊಂಡು ಕೂತಿರ್ತೀನಿ."

"ಹಾಕಿಲ್ಲ ಮಾಯೊ. ಮೀನಿನ ಸಾರಿನ ಸೌಟನ್ನೇ ಇದಕ್ಕೂ ಹಾಕಿದೆ, ತೊಳೀಲಿಲ್ಲ. ಅವಸರ."

ಗಂಡ ಚಿಸಂಗಾ ಎರಡೂ ಪಾತ್ರೆಯಿಂದ ಬಡಿಸಿಕೊಂಡು ತಿನ್ನುತ್ತಿದ್ದ. "ನಂಗೇನೂ ಗೊತ್ತಾಗ್ಲಿಲ್ಲವಲ್ಲ" ಎಂದ.

"ನಿಂಗೆಲ್ಲಿ ಗೊತ್ತಾಗುತ್ತೆ? ನೀನು ತಿನ್ನೋದೆಲ್ಲ ಉಪ್ಪೇ. ಎರಡು ಪಾತ್ರೇಲೂ ಉಪ್ಪಿದ್ರೆ, ಯಾವುದರ ಸೌಟು ಯಾವುದಕ್ಕೆ ಬಿತ್ತು ಅಂತ ಯಾರಿಗೆ ತಿಳಿಯುತ್ತೆ?"

ಕಸೊಂಡೆ ಸೌಟು ಹಿಡಿದೇ ನಿಂತುಬಿಟ್ಟಳು. ಹೋದ ವಾರ ಕಾರ್ಖಾನೆಯಲ್ಲಿ ತಾನು ಮಾಡಿದ ಪರೀಕ್ಷೆ ನೆನಪಾಯಿತು.

"ಬನಾ ಮ್ವಿಲಾ, ಚಹಾ?" ಎಂದು ಚಿಸಂಗಾ ಕೇಳಿದ. ಮ್ವಿಲಾಳ ಅಮ್ಮ ಎಂದು ಕರೆಯುವುದೇ ಅಲ್ಲಿಯ ರೂಢಿ. ಅವಳು ಆಗಲೇ ಚೀಲ ಹೆಗಲಿಗೇರಿಸಿದ್ದಳು. "ಫ್ಲಾಸ್ಕಲ್ಲಿದೆ. ಬಗ್ಗಿಸ್ಕೊಳ್ಳಿ."

ಆ ಮನೆಯಲ್ಲಿ ಹಾಗೆ ಹೇಳಿದ್ದು ಅದೇ ಮೊದಲು. ಅತ್ತೆಯೂ ಮಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾರ್ಖಾನೆಯಲ್ಲಿ ಕುಲುಮೆಯ ದುರಸ್ತಿ ನಡೆದಿತ್ತು. ಇನ್ನು ಆರು ವಾರಕ್ಕೆ ಮತ್ತೆ ಬೆಂಕಿ. ಲೋಹ ಹೊರಬಿಡುವ ಬಾಯಿಯ ಸುತ್ತ ತಾಮ್ರದ ದಿಮ್ಮಿಗಳಿವೆ, ಅವುಗಳೊಳಗೆ ತಣ್ಣೀರು ಹರಿಯುತ್ತದೆ. ದಿಮ್ಮಿ ಸವೆದು ಆ ನೀರು ಕರಗಿದ ಲೋಹಕ್ಕೆ ತಾಕಿದರೆ ಸ್ಫೋಟ. ಸವೆಯುವ ಮುನ್ನ ದಿಮ್ಮಿಯ ಬಿಸಿ ಸ್ವಲ್ಪವೇ ಏರುತ್ತದೆ. ಮಾಮೂಲಿಗಿಂತ ಐದು ಡಿಗ್ರಿ ಏರಿದರೆ ಗಂಟೆ ಹೊಡೆಯಬೇಕು, ಬಾಯಿಯ ಹತ್ತಿರ ಇರುವವರು ಓಡಬೇಕು. ಆ ಬಿಸಿಯನ್ನು ತಂತಿಯ ತುದಿಯಿಂದ ಎತ್ತಿ ಅಂಕಿಯಾಗಿ ಬದಲಿಸುವ ಹೊಸ ಎಲೆಕ್ಟ್ರಾನಿಕ್ ಕಾರ್ಡನ್ನು ಆರಿಸುವ ಕೆಲಸ ಕಸೊಂಡೆಯದು.

ಪರೀಕ್ಷೆಗೆಂದು ಎರಡು ಮಾದರಿ ಕಾರ್ಡುಗಳು ಬಂದಿದ್ದವು. ಎರಡಕ್ಕೂ ಹದಿನಾರು ತಂತಿ, ಎರಡೂ ಇಪ್ಪತ್ತನಾಲ್ಕು ಬಿಟ್‌ನವು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹೇಳುತ್ತೇವೆ ಎನ್ನುವಂಥವು. ಒಂದರಲ್ಲಿ ಬಿಸಿಯನ್ನು ಅಂಕಿಯಾಗಿಸುವ ಪರಿವರ್ತಕ ಒಂದೇ, ಅದು ತಂತಿಯಿಂದ ತಂತಿಗೆ ಓಡಾಡುತ್ತ ಅಳೆಯುತ್ತದೆ. ಇನ್ನೊಂದರಲ್ಲಿ ಪ್ರತಿ ತಂತಿಗೂ ಅದರದೇ ಪರಿವರ್ತಕ. ಮೊದಲನೆಯದು ನಾಲ್ಕು ವಾರಕ್ಕೆ ಸಿಗುತ್ತದೆ, ಎರಡನೆಯದಕ್ಕೆ ಐದು ತಿಂಗಳು. ಹೋದ ವಾರ ಕಸೊಂಡೆ ಎರಡನ್ನೂ ಪರೀಕ್ಷೆ ಮಾಡಿ, ಮೊದಲನೆಯದೇ ಸಾಕು ಎಂದು ಬರೆದು ಸಹಿ ಹಾಕಿದ್ದಳು.

ಆ ಪರೀಕ್ಷೆಗೆ ಅವಳು ಹದಿನಾರು ತಂತಿಗಳನ್ನೂ ಅದ್ದಿದ್ದು ಒಂದೇ ಪಾತ್ರೆಯ ಕುದಿಯುವ ನೀರಿಗೆ. ಒಂದರ ಬಿಸಿ ಇನ್ನೊಂದರ ಲೆಕ್ಕಕ್ಕೆ ಸೋರಿದ್ದರೂ ಕಾಣುವಂತಿರಲಿಲ್ಲ. ಎಲ್ಲ ತಂತಿಗೂ ಉತ್ತರ ನೂರೇ.

ಇವತ್ತು ಹತ್ತು ಗಂಟೆಗೆ ಆ ಕಾರ್ಡಿನ ಆರ್ಡರು ಹೊರಡುತ್ತದೆ. ಅವಳು ಏಳಕ್ಕೆ ಕಾರ್ಯಾಗಾರದ ಬೀಗ ತೆಗೆದಳು. ಕ್ಯಾಂಟೀನಿನಿಂದ ಮಂಜುಗಡ್ಡೆ ತಂದಳು. ಒಂದು ಬಿಟ್ಟು ಒಂದರಂತೆ ಎಂಟು ತಂತಿ ಕುದಿಯುವ ನೀರಿಗೆ, ಎಂಟು ಮಂಜುನೀರಿಗೆ. ಎರಡನೆಯ ಕಾರ್ಡು ಮಂಜುನೀರಿಗೆ ಸೊನ್ನೆ ತೋರಿಸಿತು. ಮೊದಲನೆಯದು ಅರ್ಧ ಡಿಗ್ರಿ. ಎರಡು ಸಲ, ಮೂರು ಸಲ ಅಳೆದಳು. ಅರ್ಧವೇ.

ಮೇಲಧಿಕಾರಿ ಸಿಮ್ಫುಕ್ವೆ ಬಂದಾಗ ಗಂಟೆ ಎಂಟೂವರೆ. ಅವರು ಸಿಟ್ಟು ಬಂದರೆ "ಇಂಜಿನಿಯರ್" ಎನ್ನುತ್ತಿದ್ದರು, ಓಲೈಸುವಾಗ "ಬನಾ ಮ್ವಿಲಾ".

"ಅರ್ಧ ಡಿಗ್ರಿಗೆ ಇಷ್ಟೊಂದು ಗಲಾಟೆನಾ, ಬನಾ ಮ್ವಿಲಾ? ನಮ್ಮನೆ ಫ್ರಿಜ್ಜು ಇದಕ್ಕಿಂತ ಸುಳ್ಳು ಹೇಳುತ್ತೆ."

"ಇಲ್ಲಿ ಪಕ್ಕದ ತಂತೀಲಿ ನೂರು ಡಿಗ್ರಿ ಇದೆ ಸರ್. ಅಲ್ಲಿ ದಿಮ್ಮಿ ತಂತಿ ಪಕ್ಕದ್ದು ಕುಲುಮೆ ಒಳಗಿನದು, ಸಾವಿರದ ಇನ್ನೂರು. ಅರ್ಧ ಅನ್ನೋದು ಆರಾಗುತ್ತೆ. ಗಂಟೆ ಹೊಡೆಯೋದು ಐದಕ್ಕೆ."

"ಅಂದ್ರೆ ಸುಮ್ಮಸುಮ್ಮನೆ ಹೊಡೆಯುತ್ತೆ. ಹೊಡೀಲಿ ಬಿಡಿ. ಹೊಡೆಯದೇ ಇರೋದಕ್ಕಿಂತ ವಾಸಿ ತಾನೆ?"

ಲೋಹ ಹೊರಬಿಡುವವರ ಮೇಸ್ತ್ರಿ ಕಪೆಂಬ್ವಾ ಕೈಗವಸು ಬದಲಿಸಲು ಬಂದು ಅಲ್ಲೇ ನಿಂತಿದ್ದರು. ಇಪ್ಪತ್ತೆರಡು ವರ್ಷ ಆ ಬಾಯಿಯ ಮುಂದೆ ದುಡಿದವರು.

"ಬ್ವಾನಾ, ನಾಲ್ಕು ಸಲ ಸುಳ್ಳು ಹೊಡೆದ್ರೆ ಐದನೇ ಸಲ ನಮ್ಮ ಹುಡುಗರು ಓಡಲ್ಲ. ಹೊಡೆಯೋದನ್ನ ಕೇಳ್ಕೊಂಡೇ ಕೆಲಸ ಮಾಡ್ತಾರೆ."

ಸಿಮ್ಫುಕ್ವೆ ಗಡಿಯಾರ ನೋಡಿದರು. "ಆ ಪರಿವರ್ತಕ ಒಂದೊಂದು ತಂತಿ ಹತ್ರಾನೂ ಸ್ವಲ್ಪ ಹೊತ್ತು ನಿಲ್ಲೋ ಹಾಗೆ ಮಾಡಿ. ನಿಧಾನ ಆದ್ರೆ ಸೋರೋದಿಲ್ಲ, ಅಲ್ವಾ?"

ಅದನ್ನೂ ಕಸೊಂಡೆ ಮಾಡಿದಳು. ಸೋರುವುದು ನಿಂತಿತು. ಹದಿನಾರು ತಂತಿಗಳ ಒಂದು ಸುತ್ತಿಗೆ ನಲವತ್ತು ಸೆಕೆಂಡು ಹಿಡಿಯಿತು. ಅಂದರೆ ದಿಮ್ಮಿಯ ಬಿಸಿ ಏರಿದ ಮೇಲೂ ಗಂಟೆ ಹೊಡೆಯುವುದು ಅಷ್ಟು ತಡವಾಗಬಹುದು.

"ಗಂಟೆ ನಲವತ್ತು ಸೆಕೆಂಡು ತಡವಾದ್ರೆ ನಡೆಯುತ್ತಾ, ಕಪೆಂಬ್ವಾ ಅವರೇ?" ಎಂದು ಕಸೊಂಡೆ ಕೇಳಿದಳು.

ಕಪೆಂಬ್ವಾ ಹೊಸ ಕೈಗವಸಿಗೆ ಬೆರಳು ತೂರಿಸುತ್ತ ಹೇಳಿದರು: "ಓಡಿ ಬಾಗಿಲು ದಾಟೋಕೆ ನಮಗೆ ಹನ್ನೊಂದು ಬೇಕು. ಬೇಕಾದ್ರೆ ಎಣಿಸ್ಕೊಂಡು ಓಡಿ ತೋರಿಸ್ತೀನಿ. ಹೊಟ್ಟೆ ಬಂದಿದೆ, ಹನ್ನೆರಡು ಅಂತ ಬರ್ಕೊಳ್ಳಿ." ಮಾತಿನಲ್ಲಿ ನಗೆಯಿತ್ತು, ಮುಖದಲ್ಲಿ ಇರಲಿಲ್ಲ.

ಅವರು ಹೋದ ಮೇಲೆ ಸಿಮ್ಫುಕ್ವೆ ಬಾಗಿಲು ಮುಂದೆ ಮಾಡಿದರು.

"ಕೇಳಿ, ಇಂಜಿನಿಯರ್. ಐದು ತಿಂಗಳು ಕುಲುಮೆ ತಣ್ಣಗೆ ಬಿದ್ದಿದ್ರೆ ಮೇಲಿನವರು ಯಾಕೆ ಅಂತ ಕೇಳ್ತಾರೆ. ಆಗ ನಾನು ಯಾರ ಸಹಿ ತೋರಿಸ್ಲಿ? ಸಾಕು ಅಂತ ಬರೆದಿದ್ದೂ ನೀವೇ, ಸಾಲದು ಅಂತ ಬರೆಯೋದೂ ನೀವೇ. ಶುಕ್ರವಾರದ ಸಭೇಲಿ ಕೂರೋ ಆರು ಜನಾನೂ ಗಂಡಸರು. ಹೆಂಗಸಿನ ಕೈಗೆ ಕೊಟ್ರೆ ಹೀಗೇ ಅಂತಾರೆ. ನಾನನ್ನೋದಲ್ಲ, ಅವರು."

"ನೀವೇನಂತೀರಿ ಸರ್?"

"ನಾನೇನೂ ನೋಡಿಲ್ಲ. ನನ್ನ ಹತ್ರ ಇರೋದು ಹೋದ ವಾರದ ವರದಿ." ಆರ್ಡರಿನ ಹಾಳೆಯನ್ನು ಮೇಜಿನ ಮೇಲಿಟ್ಟರು. "ಹತ್ತಕ್ಕೆ ಬಂದು ತಗೊಳ್ತೀನಿ. ಹಾಳೇಲಿ ಯಾವ ಕಾರ್ಡಿನ ನಂಬರು ಇರುತ್ತೋ ಅದು ಹೋಗುತ್ತೆ."

ಅವರ ಹೆಜ್ಜೆ ಸದ್ದು ಮೆಟ್ಟಿಲಿಳಿದು ಹೋಯಿತು.

ಒಂಬತ್ತೂ ಐವತ್ತು. ಹಾಳೆಯಲ್ಲಿ ಮೊದಲ ಕಾರ್ಡಿನ ನಂಬರು ಟೈಪಾಗಿತ್ತು, ಕೆಳಗೆ ಅವಳ ಹೆಸರು. ಏನೂ ಮಾಡದೆ ಕುಳಿತಿದ್ದರೂ ಸಾಕಿತ್ತು, ಅದು ತಾನಾಗಿಯೇ ಹೊರಡುತ್ತಿತ್ತು. ಶುಕ್ರವಾರ ಕಾಯಂ ಆದರೆ ಮ್ವಿಲಾಳಿಗೆ ಊರಿನ ಒಳ್ಳೆಯ ಶಾಲೆ, ತನಗೆ ಯಾರ ಮರ್ಜಿಗೂ ಕಾಯಬೇಕಿಲ್ಲದ ಕೆಲಸ. ಅವಳು ಪೆನ್ನು ಕೈಗೆತ್ತಿಕೊಂಡಳು.

ನಂಬರಿನ ಮೇಲೆ ಒಂದೇ ಗೆರೆ ಎಳೆದಳು, ಹಳೆಯದು ಓದಲು ಬರುವ ಹಾಗೆ. ಪಕ್ಕದಲ್ಲಿ ಎರಡನೆಯ ಕಾರ್ಡಿನ ನಂಬರು ಬರೆದಳು. ಕೆಳಗೆ: "ಹೋದ ವಾರದ ನನ್ನ ಪರೀಕ್ಷೆ ತಪ್ಪು. ಇಂದಿನ ಅಳತೆಗಳನ್ನು ಲಗತ್ತಿಸಿದೆ. ಈ ಕಾರ್ಡು ಬರುವವರೆಗೆ ಕುಲುಮೆ ಹೊತ್ತಿಸಬಾರದು." ಸಹಿ, ತಾರೀಕು, ಸಮಯ.

ಆ ಹಾಳೆಯ ಮೂರು ಪ್ರತಿ ತೆಗೆದಳು. ಒಂದನ್ನು ಮೇಜಿನ ಮೇಲಿಟ್ಟಳು, ಒಂದನ್ನು ಚೀಲದಲ್ಲಿ. ಮೂರನೆಯದನ್ನು ಕೈಯಲ್ಲಿ ಹಿಡಿದು, ಲೋಹ ಹೊರಬಿಡುವವರೆಲ್ಲ ದಿನವೂ ನೋಡುವ ಹಾಜರಿ ಹಲಗೆಗೆ ಅಂಟಿಸಲು ನಡೆದಳು.