ನುಂಗಿಬಿಟ್ಟ ಒಂದು ಪದ

ಫಾರೆಸ್ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದ ವಾಟಿ ಡಫಸ್, ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಹನ್ನೊಂದು ವರ್ಷ ತೆರೆಮರೆಯಲ್ಲಿ ಕೂತು ಮಾತು ಎತ್ತಿಕೊಟ್ಟವನು. ನಟರು ತಡವರಿಸಿದರೆ ಮುಂದಿನ ಪದ ಪಿಸುಗುಡುವುದು ಅವನ ಕೆಲಸ. ಅವನನ್ನು ಯಾರೂ ನೋಡುತ್ತಿರಲಿಲ್ಲ. ಅದೇ ಅವನ ಕೊರಗು.

ಆ ವರ್ಷ ನಾವು ಹಿಡಿದದ್ದು, ಮಾಟಗಾತಿಯರ ಭವಿಷ್ಯ ನಂಬಿ ದೊರೆಯನ್ನು ಕೊಂದು ಗದ್ದುಗೆ ಏರಿ ಹಾಳಾಗುವವನ ಹಳೆಯ ನಾಟಕ. ಆ ಮಾಟಗಾತಿಯರು ಅವನಿಗೆ ಎದುರಾದದ್ದು ನಮ್ಮೂರ ಬಯಲಿನಲ್ಲೇ ಅಂತ ಪ್ರತೀತಿ. ಆ ನಾಟಕದ ಹೆಸರು ಹೇಳಿದರೆ ಕೇಡು ಅನ್ನುತ್ತಾರೆ; ನಾನೂ ಹೇಳುವುದಿಲ್ಲ. ಮುಖ್ಯ ಪಾತ್ರ ನಿವೃತ್ತ ಮೇಷ್ಟ್ರು ಹ್ಯೂ ಮಚ್ ಅವರದು. ವಾಟಿಗೆ ಅಕ್ಷರ ಕಲಿಸಿದವರು ಅವರೇ.

ಚರ್ಚಿನ ಚಹಾ ಕೂಟದಲ್ಲಿ ಮುದುಕಿ ಐನಾ ಪೀರಿ ವಾಟಿಯ ಬಟ್ಟಲಿನ ತಳದ ಚಹಾ ಎಲೆ ನೋಡಿ ಶಕುನ ಹೇಳಿದಳು.

"ಲೋ ವಾಟಿ, ನಿನ್ ತಲೆ ಮೇಲೆ ಕಿರೀಟ ಕಾಣ್ತಿದೆಯಲ್ಲೋ!"

"ಹೋಗಜ್ಜಿ, ನನ್ ತಲೆಗೆ ರೈಲ್ವೆ ಟೋಪಿನೇ ಹೆಚ್ಚು."

ಎಲ್ಲರೂ ನಕ್ಕೆವು. ಅವನ ಹೆಂಡತಿ ಎಲ್ಸ್‌ಪೆತ್ ನಗಲಿಲ್ಲ. "ಯಾಕೆ? ಇಡೀ ನಾಟಕ ಇವ್ರಿಗೆ ಬಾಯಿಪಾಠ. ಮೇಷ್ಟ್ರಿಗೋ ವಯಸ್ಸಾಯ್ತು," ಅಂದಳು.

ಮೂರು ವಾರದ ಮೇಲೆ, ತಾಲೀಮಿನಲ್ಲಿ, ಔತಣದ ದೃಶ್ಯದ ನಡುವೆ ಮೇಷ್ಟ್ರು ನಿಂತುಬಿಟ್ಟರು. ಒಂದೇ ಒಂದು ಪದ ಬೇಕಿತ್ತು. ನಾನು ವಾಟಿಯ ಪಕ್ಕದಲ್ಲೇ ಕೂತು ನಿಲುವಂಗಿಗೆ ಅಂಚು ಹೊಲಿಯುತ್ತಿದ್ದೆ. ಅವನ ಬೆರಳು ಸರಿಯಾಗಿ ಆ ಸಾಲಿನ ಮೇಲೇ ಇತ್ತು. ತುಟಿ ಬಿಚ್ಚಲಿಲ್ಲ. ಮರುದಿನವೂ ಹಾಗೇ. ಮೇಷ್ಟ್ರು ಬೆವರೊರೆಸಿಕೊಂಡು, "ಕ್ಷಮಿಸಿ, ಕ್ಷಮಿಸಿ," ಅನ್ನುತ್ತಿದ್ದರು. ಸಮಿತಿ ಸೇರಿತು, ಪಾತ್ರ ವಾಟಿಗೆ ಕೊಡಲು ಎಲ್ಲರೂ ಕೈ ಎತ್ತಿದರು. ಕಂಡದ್ದನ್ನು ಹೇಳದೆ ನಾನೂ ಎತ್ತಿದೆ. ಮೇಷ್ಟ್ರ ಕಿರೀಟ ಅವನಿಗೆ ದೊಡ್ಡದಾಗಿತ್ತು; ಒಳಗೆ ಉಣ್ಣೆಬಟ್ಟೆ ಹೊಲಿದು ಸರಿಮಾಡಿದವಳೂ ನಾನೇ.

ಶನಿವಾರ ಮಧ್ಯಾಹ್ನ ಮೊದಲ ಪ್ರದರ್ಶನ. ವಾಟಿ ಚೆನ್ನಾಗಿಯೇ ಶುರುಮಾಡಿದ. ಔತಣದ ದೃಶ್ಯದಲ್ಲಿ ಅವನ ಕಣ್ಣು ಎರಡನೇ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಮೇಲೆ ಬಿತ್ತು. ಅವನ ಪ್ರತಿಯೊಂದು ಮಾತಿಗೂ ಅವರ ತುಟಿ ಆಡುತ್ತಿತ್ತು, ಒಂದಕ್ಷರ ತಪ್ಪದೆ. ವಾಟಿಗೆ ಮುಂದಿನ ಸಾಲು ಮರೆತುಹೋಯಿತು. ತೆರೆಮರೆಯಿಂದ ಎರಡು ಸಲ ಪದ ಎತ್ತಿಕೊಟ್ಟರೂ ಅವನಿಗೆ ಕೇಳಿಸಲಿಲ್ಲ. ಕೊನೆಗೆ ಮೇಷ್ಟ್ರೇ ಕೂತಲ್ಲಿಂದ ಮೆಲ್ಲಗೆ ಆ ಸಾಲು ಹೇಳಿದರು, ಮಗುವಿಗೆ ಪಾಠ ಹೇಳಿಕೊಡುವಂತೆ. ಯಾರೋ ಕಿಸಕ್ಕನೆ ನಕ್ಕರು. ವಾಟಿ ಕಿರೀಟ ತೆಗೆದು ಮೇಜಿನ ಮೇಲಿಟ್ಟು ಒಳಗೆ ನಡೆದುಬಿಟ್ಟ. ತೆರೆ ಎಳೆದರು.

ಸೋಮವಾರ ನಾನು, ನಾಟಕಕ್ಕೆಂದು ತಂದಿದ್ದ ಬೂಟು ಹಿಂತಿರುಗಿಸಲು ಮೇಷ್ಟ್ರ ಮನೆಗೆ ಹೋಗಿದ್ದಾಗ ವಾಟಿ ಬಂದ. ಮೇಷ್ಟ್ರು ಆಲೂಗಡ್ಡೆ ಸುಲಿಯುತ್ತಿದ್ದರು.

"ಮೇಷ್ಟ್ರೇ, ಅವತ್ತು ನಾನು ಬೇಕೂಂತ್ಲೇ ಸುಮ್ನಿದ್ದೆ."

"ಗೊತ್ತು ಕಣೋ."

"ಮತ್ತೆ ಸಮಿತಿ ಮುಂದೆ ಹೇಳ್ಬಾರ್ದಿತ್ತಾ?"

"ಮರ್ತಿದ್ದು ನಾನಲ್ವೇನೋ? ಅದನ್ನ ನಿನ್ ತಲೆಗೆ ಕಟ್ಟೋಕೆ ನಾಚಿಕೆ ಆಯ್ತು. ಕೂತ್ಕೋ, ಚಹಾ ಕುಡಿ."

ನಾನು ಆಗಲಾದರೂ ಬಾಯಿಬಿಡಬೇಕಿತ್ತು. ಬೂಟಿನ ದಾರ ಬಿಚ್ಚುತ್ತ, ಕಟ್ಟುತ್ತ ಕೂತೆ. ವಾಟಿ ಚಹಾ ಕುಡಿಯದೆ ಹೋದ.

ವಸಂತದ ಹೊತ್ತಿಗೆ ಅವನು ಪಕ್ಕದೂರು ಎಲ್ಗಿನ್‌ಗೆ ವರ್ಗ ಕೇಳಿಕೊಂಡು ಹೋದ; ಈಗ ಅಲ್ಲಿನ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಾನೆ. ನಾವೆಷ್ಟು ಕರೆದರೂ ಮೇಷ್ಟ್ರು ಮತ್ತೆ ರಂಗ ಹತ್ತಲಿಲ್ಲ. ಎಲ್ಗಿನ್‌ನಲ್ಲಿ ನನ್ನ ತಂಗಿಯಿದ್ದಾಳೆ. ಅವಳ ಮನೆಗೆ ನಾನು ಬಸ್ಸಿನಲ್ಲೇ ಹೋಗಿಬರುತ್ತೇನೆ.